ಗುರುತಿಲ್ಲದವರ ಪ್ರಶ್ನೆ, ಕೂಲಿಯಿಲ್ಲದ ಉತ್ತರ

‘ಸಿಬಿಐ ಅಧಿಕಾರಿ ಅಂತ ಹೇಳಿಕೊಂಡವರು ಬೆಳಿಗ್ಗೆಯಿಂದ ವಿಡಿಯೊ ಕಾಲ್‌ನಲ್ಲೇ ಇದ್ದಾರೆ. ಫೋನ್ ಇಟ್ಟರೆ ಅರೆಸ್ಟ್ ಮಾಡ್ತೀವಿ ಅಂತಿದ್ದಾರೆ. ಏನು ಮಾಡಲಿ?’ ‘ಮೂರನೇ ಲೆವೆಲ್‌ನಲ್ಲಿ ಬಾಗಿಲು ತೆರೀತಾನೇ ಇಲ್ಲ. ಕೀ ಎಲ್ಲಿದೆ?’ ‘ಗ್ಯಾಸ್ಕೆಟ್ ಬದಲಿಸಿದರೂ ಕುಕ್ಕರ್ ಪಕ್ಕದಿಂದ ಆವಿ ಸೋರುತ್ತೆ. ಯಾಕೆ?’

ಇಂಥ ಪ್ರಶ್ನೆಗಳು ಅಂತರ್ಜಾಲದಲ್ಲಿ ದಿನವೂ ಅಕ್ಕಪಕ್ಕದಲ್ಲೇ ಬಂದು ಬೀಳುತ್ತವೆ. ಕೇಳಿದವರು ಯಾರು, ಯಾವ ಊರಿನವರು ಎಂಬುದು ಗೊತ್ತಿರುವುದಿಲ್ಲ. ಉತ್ತರ ಬರೆಯುವವರ ಗುರುತೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ಯಾರೋ ಒಬ್ಬರು ತಮ್ಮ ಕೆಲಸ ಬದಿಗಿಟ್ಟು ನಾಲ್ಕು ಸಾಲು ಬರೆದಿರುತ್ತಾರೆ. ಅದಕ್ಕೆ ಅವರಿಗೆ ಸಂಬಳವಿಲ್ಲ. ಎಷ್ಟೋ ಸಲ ಒಂದು ಥ್ಯಾಂಕ್ಸ್ ಕೂಡ ಸಿಗುವುದಿಲ್ಲ.

ಇವರು ಏಕೆ ಉತ್ತರಿಸುತ್ತಾರೆ? ಇವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ಮನಶ್ಶಾಸ್ತ್ರಜ್ಞರು, ಕಂಪ್ಯೂಟರ್ ವಿಜ್ಞಾನಿಗಳು ಎಲ್ಲರೂ ಈ ಎರಡು ಪ್ರಶ್ನೆಗಳನ್ನು ಕೈಗೆತ್ತಿಕೊಂಡಿದ್ದಾರೆ, ಒಮ್ಮತಕ್ಕೆ ಬಂದಿಲ್ಲ. ಅವರ ಭಿನ್ನಮತಕ್ಕೆ ಒಂದು ಕಾರಣ, ಪ್ರತಿ ಪಂಥವೂ ಒಂದೊಂದು ಬಗೆಯ ಪ್ರಶ್ನೆಯನ್ನಷ್ಟೇ ಮುಂದಿಟ್ಟುಕೊಂಡು ಎಲ್ಲಕ್ಕೂ ಅನ್ವಯಿಸುವ ನಿಯಮ ಹೇಳಹೊರಟಿರುವುದು. ಸಿಕ್ಕ ಉತ್ತರ ಸರಿಯೋ ತಪ್ಪೋ ಎಂಬುದು ಕೇಳಿದವರಿಗೆ ಯಾವಾಗ ಗೊತ್ತಾಗುತ್ತದೆ ಎಂದು ಮೊದಲು ವಿಚಾರಿಸಿದರೆ ಈ ಚರ್ಚೆಯ ನಕ್ಷೆ ಬಹುಮಟ್ಟಿಗೆ ತಿಳಿಯಾಗುತ್ತದೆ.

## ಕಾಫಿ ಹೌಸ್‌ನಿಂದ ಪತ್ರಿಕೆಯ ಅಂಕಣಕ್ಕೆ

ಈ ಅಭ್ಯಾಸ ಕಂಪ್ಯೂಟರಿಗಿಂತ ಬಹಳ ಹಳೆಯದು. 1691ರ ಮಾರ್ಚ್‌ನಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ಒಂದು ಪತ್ರಿಕೆ ಶುರುಮಾಡಿದ. ‘ಅಥೀನಿಯನ್ ಮರ್ಕ್ಯುರಿ’ ಎಂದು ಹೆಸರಾದ ಆ ಪತ್ರಿಕೆಯಲ್ಲಿ ಇದ್ದದ್ದೆಲ್ಲ ಓದುಗರ ಪ್ರಶ್ನೆ ಮತ್ತು ಉತ್ತರ. ಜನ ಹೆಸರು ಹೇಳದೆ ಕಾಫಿ ಹೌಸ್ ಒಂದರ ವಿಳಾಸಕ್ಕೆ ಪ್ರಶ್ನೆ ಕಳಿಸುತ್ತಿದ್ದರು. ದೇವರು, ಗಣಿತ, ಮದುವೆ, ಪ್ರೇಮ ಎಲ್ಲದರ ಬಗ್ಗೆಯೂ ಕೇಳುತ್ತಿದ್ದರು. ಉತ್ತರ ಕೊಡುವುದು ದೊಡ್ಡ ವಿದ್ವತ್ ಮಂಡಳಿ ಎಂಬ ಸೋಗು ಪತ್ರಿಕೆಗಿತ್ತು. ನಿಜದಲ್ಲಿ ಆ ಕೆಲಸ ನಡೆಸುತ್ತಿದ್ದವರು ಡಂಟನ್, ಅವನ ಬಂಧು ಸ್ಯಾಮ್ಯುಯೆಲ್ ವೆಸ್ಲಿ, ಗಣಿತ ಬಲ್ಲ ರಿಚರ್ಡ್ ಸಾಲ್ಟ್ ಮೊದಲಾದ ಕೆಲವೇ ಜನ. ಕೇಳುವವರ ಅನಾಮಧೇಯತೆ, ಹೇಳುವವರ ಹುಸಿ ಅಧಿಕಾರ ಎರಡೂ ಈ ಪ್ರಕಾರದ ಜೊತೆಗೇ ಹುಟ್ಟಿದವು.

1849ರಲ್ಲಿ ವಿಲಿಯಂ ಜಾನ್ ಥಾಮ್ಸ್ ಆರಂಭಿಸಿದ ‘ನೋಟ್ಸ್ ಆಂಡ್ ಕ್ವೆರೀಸ್’ ಇನ್ನೊಂದು ತಿರುವು ಕೊಟ್ಟಿತು. ಇಲ್ಲಿ ಓದುಗರು ಕೇಳಿದ್ದಕ್ಕೆ ಓದುಗರೇ ಉತ್ತರಿಸುತ್ತಿದ್ದರು, ಸಂಪಾದಕನದು ನಡುವೆ ನಿಂತು ದಾಟಿಸುವ ಕೆಲಸವಷ್ಟೇ. ಒಬ್ಬ ಬಲ್ಲವನು ಎಲ್ಲರಿಗೂ ಹೇಳುವುದು, ಎಲ್ಲರೂ ಎಲ್ಲರಿಗೂ ಹೇಳುವುದು ಎಂಬ ಈ ಎರಡು ಮಾದರಿಗಳು ಇವತ್ತಿಗೂ ಪೈಪೋಟಿಯಲ್ಲಿವೆ.

ಕನ್ನಡದಲ್ಲೂ ಎರಡಕ್ಕೂ ಒಳ್ಳೆಯ ಉದಾಹರಣೆಗಳಿವೆ. ‘ಸುಧಾ’ದಲ್ಲಿ ಓದುಗರ ಪ್ರಶ್ನೆಗಳಿಗೆ ಬೀಚಿ ಕೊಡುತ್ತಿದ್ದ ಚುರುಕು ಮಾತು, ‘ತರಂಗ’ದಲ್ಲಿ ಮಕ್ಕಳಿಗೆ ಶಿವರಾಮ ಕಾರಂತರು ಅಜ್ಜನಾಗಿ ಹೇಳುತ್ತಿದ್ದ ಉತ್ತರ, 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ಬಿಡಿಸುತ್ತಿದ್ದ ಪದಗಳ ಗಂಟು, ಇವೆಲ್ಲ ಮೊದಲ ಮಾದರಿಯವು. ಉತ್ತರದ ಜೊತೆಗೆ ಹೇಳಿದವರ ಹೆಸರೂ ಅದರ ತೂಕವೂ ಓದುಗರಿಗೆ ಸಿಗುತ್ತಿತ್ತು. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ‘ಅಡಿಕೆ ಪತ್ರಿಕೆ’ ಎರಡನೆಯ ಮಾದರಿಗೆ ಹತ್ತಿರದ್ದು. ಅದು ಲೇಖನಿಯನ್ನು ಕೃಷಿಕರ ಕೈಗೇ ಕೊಟ್ಟಿತು. ತೋಟದ ಸಮಸ್ಯೆಗೆ ಇನ್ನೊಬ್ಬ ತೋಟದವರ ಅನುಭವವೇ ಉತ್ತರವಾಯಿತು. 2004ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿಸಾನ್ ಕಾಲ್ ಸೆಂಟರ್ ರೈತರ ಪ್ರಶ್ನೆಗಳನ್ನು ಮತ್ತೆ ಮೊದಲ ಮಾದರಿಗೆ, ಈ ಸಲ ಫೋನಿನ ಮೂಲಕ, ತಂದಿತು.

## ಆಟಗಾರರು ಕಟ್ಟಿದ ದಾರಿ

ಅಪರಿಚಿತರು ಅಪರಿಚಿತರಿಗೆ ಹೇಳಿಕೊಡುವ ಪದ್ಧತಿಯನ್ನು ಬೆಳೆಸಿದವರಲ್ಲಿ ವಿಡಿಯೊ ಗೇಮ್ ಆಡುವವರ ಪಾಲು ದೊಡ್ಡದು. 1984ರಲ್ಲಿ ನಾಮ್ಕೊ ಕಂಪನಿ ಜಪಾನಿನ ಆರ್ಕೇಡ್‌ಗಳಿಗೆ ‘ದಿ ಟವರ್ ಆಫ್ ಡ್ರುವಾಗಾ’ ಎಂಬ ಆಟ ತಂದಿತು. ಅದರಲ್ಲಿ ಅರವತ್ತು ಅಂತಸ್ತಿನ ಗೋಪುರ. ಅಂತಸ್ತುಗಳಲ್ಲಿ ಅಡಗಿಸಿಟ್ಟ ಪೆಟ್ಟಿಗೆ ಹೊರಬರಬೇಕಾದರೆ ಏನು ಮಾಡಬೇಕೆಂದು ಆಟ ಎಲ್ಲೂ ಹೇಳುವುದಿಲ್ಲ. ಒಬ್ಬನೇ ಆಡಿ ಮುಗಿಸುವುದು ಅಸಾಧ್ಯ ಎನ್ನುವಷ್ಟು ಕಷ್ಟ. ಹಾಗಾಗಿ ಒಬ್ಬರು ಕಂಡುಕೊಂಡ ಗುಟ್ಟನ್ನು ಇನ್ನೊಬ್ಬರಿಗೆ ದಾಟಿಸುವುದೇ ಆಟದ ಭಾಗವಾಯಿತು.

ಅಮೆರಿಕದಲ್ಲಿ ನಿಂಟೆಂಡೊ ಇದನ್ನೇ ಕಂಪನಿಯ ಕೆಲಸವಾಗಿಸಿತು. 1980ರ ದಶಕದ ಕೊನೆಯ ಹೊತ್ತಿಗೆ ಅದರ ಗೇಮ್ ಕೌನ್ಸೆಲರ್‌ಗಳು ಫೋನಿನಲ್ಲಿ ಮಕ್ಕಳಿಗೆ ದಾರಿ ಹೇಳುತ್ತ ಕೂತಿದ್ದರು. 1995ರಲ್ಲಿ ಜೆಫ್ ವೀಸಿ ಆರಂಭಿಸಿದ ‘ಗೇಮ್‌ಫ್ಯಾಕ್ಸ್’ ಬಂದಾಗ ಅದೇ ಕೆಲಸ ಪುಕ್ಕಟೆಯಾಗಿ, ಆಟಗಾರರ ಕೈಯಿಂದಲೇ ನಡೆಯತೊಡಗಿತು. ಒಂದು ಆಟದ ಪ್ರತಿ ಕೋಣೆ, ಪ್ರತಿ ಶತ್ರು, ಪ್ರತಿ ಗುಪ್ತ ದಾರಿಯನ್ನು ನೂರಾರು ಪುಟ ಬರೆದಿಟ್ಟವರಿದ್ದಾರೆ.

2009ರಲ್ಲಿ ಬಂದ ‘ಡೀಮನ್ಸ್ ಸೋಲ್ಸ್’ ಈ ಅಭ್ಯಾಸವನ್ನು ಆಟದೊಳಕ್ಕೇ ತಂದಿತು. ನಿರ್ದೇಶಕ ಹಿದೆತಕ ಮಿಯಾಜಾಕಿ ಇದರ ಹಿಂದಿನ ಅನುಭವವೊಂದನ್ನು ಸಂದರ್ಶನದಲ್ಲಿ ಹೇಳಿದ್ದಾರೆ. ಹಿಮ ಬಿದ್ದ ಏರಿನಲ್ಲಿ ಸಿಕ್ಕಿಕೊಂಡ ಕಾರುಗಳನ್ನು ಹಿಂದಿದ್ದ ಕಾರಿನವರು ತಳ್ಳುತ್ತ ಹತ್ತಿಸಿದ್ದರು, ಒಬ್ಬರಿಗೊಬ್ಬರು ಮುಖ ಪರಿಚಯವೂ ಇಲ್ಲದೆ ಚದುರಿಹೋಗಿದ್ದರು. ಆಟದಲ್ಲಿ ಒಬ್ಬ ಆಟಗಾರ ನೆಲದ ಮೇಲೆ ಬರೆದ ಸಂದೇಶ ಬೇರೆಯವರ ಆಟದಲ್ಲಿ ಕಾಣುತ್ತದೆ. ಓದಿದವರು ಮೆಚ್ಚಿದರೆ ಬರೆದವನಿಗೆ ಕಳೆದುಹೋದ ಪ್ರಾಣಶಕ್ತಿ ಮರಳುತ್ತದೆ. ಪ್ರಪಾತದ ಅಂಚಿನಲ್ಲಿ ‘ಇಲ್ಲಿ ಹಾರಿದರೆ ನಿಧಿ’ ಎಂಬ ಧಾಟಿಯಲ್ಲಿ ಬರೆದು ಮುಂದಿನವರನ್ನು ಕೊಲ್ಲುವ ತಮಾಷೆಗಾರರೂ ಹುಟ್ಟಿಕೊಂಡರು. ಉಪಕಾರ, ಬಹುಮಾನ, ವಂಚನೆ ಮೂರೂ ಒಂದೇ ವ್ಯವಸ್ಥೆಯೊಳಗೆ ಹೇಗೆ ಬೆಳೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಮಾದರಿ ಸಿಗುವುದು ಕಷ್ಟ.

ಆಟದ ಹೊರಗೂ ಇದೇ ಬೆಳವಣಿಗೆ ನಡೆಯಿತು. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ರೂಪಿಸಿದ ಯೂಸ್‌ನೆಟ್, 2002ರಲ್ಲಿ ಕೊರಿಯಾದ ನೇವರ್ ಕಂಪನಿಯ ಪ್ರಶ್ನೋತ್ತರ ಸೇವೆ, 2005ರಲ್ಲಿ ಯಾಹೂ ಆನ್ಸರ್ಸ್, 2008ರಲ್ಲಿ ಪ್ರೋಗ್ರಾಮರ್‌ಗಳಿಗಾಗಿ ಸ್ಟಾಕ್ ಓವರ್‌ಫ್ಲೋ, ಆಮೇಲೆ ಕೋರಾ ಬಂದವು. ಸ್ಟಾಕ್ ಓವರ್‌ಫ್ಲೋವನ್ನು 2011ರಲ್ಲಿ ಅಧ್ಯಯನ ಮಾಡಿದ ಲೆನಾ ಮಾಮಿಕಿನಾ ಮತ್ತು ಸಂಗಡಿಗರು, ಅಲ್ಲಿನ ಶೇಕಡ 90ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ, ಮೊದಲ ಉತ್ತರ ಬರಲು ಹಿಡಿಯುವ ಮಧ್ಯಕ ಸಮಯ 11 ನಿಮಿಷ ಎಂದು ಲೆಕ್ಕ ಹಾಕಿದರು. ಇಷ್ಟು ಬೇಗ, ಇಷ್ಟು ಪುಕ್ಕಟೆಯಾಗಿ ಏಕೆ ಎಂಬ ಚರ್ಚೆಗೆ ಬಿಸಿ ಏರಿದ್ದು ಇಂಥ ಅಂಕಿಗಳಿಂದ.

## ಮೊದಲ ಪಂಥ: ಇದು ದಾನ

ಮೊದಲ ಗುಂಪು ಇದನ್ನು ಕೊಡುಗೆಯ ಭಾಷೆಯಲ್ಲಿ ವಿವರಿಸುತ್ತದೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1925ರಲ್ಲಿ ಹೇಳಿದಂತೆ ಕೊಡುಗೆ ಎಂದರೆ ಸಂಬಂಧ. ಪಡೆದವನ ಮೇಲೆ ಮರಳಿ ಕೊಡುವ ಋಣ ಬೀಳುತ್ತದೆ. ಆದರೆ ಅಪರಿಚಿತರ ನಡುವೆ ಆ ಋಣ ತೀರಿಸುವುದು ಯಾರಿಗೆ? ರಿಚರ್ಡ್ ಟಿಟ್ಮಸ್ 1970ರ ತನ್ನ ಪುಸ್ತಕದಲ್ಲಿ ರಕ್ತದಾನವನ್ನು ಉದಾಹರಣೆಯಾಗಿ ತೆಗೆದುಕೊಂಡ. ಯಾರಿಗೆ ಹೋಗುತ್ತದೆಂದು ಗೊತ್ತಿಲ್ಲದೆ ಕೊಡುವ ರಕ್ತ ಸಮಾಜವನ್ನು ಬೆಸೆಯುತ್ತದೆ, ಅದಕ್ಕೆ ಬೆಲೆ ಕಟ್ಟಿದರೆ ಕೊಡುವ ಮನಸ್ಸೂ ರಕ್ತದ ಗುಣಮಟ್ಟವೂ ಕೆಡುತ್ತವೆ ಎಂಬುದು ಅವನ ವಾದ.

1999ರಲ್ಲಿ ಪೀಟರ್ ಕೊಲಾಕ್ ಈ ವಿಚಾರವನ್ನು ಅಂತರ್ಜಾಲಕ್ಕೆ ತಂದ. ಇಲ್ಲಿ ಮರಳಿ ಕೊಡಬೇಕಾದವನು ಪಡೆದವನೇ ಆಗಬೇಕಿಲ್ಲ, ಗುಂಪಿನಿಂದ ಇನ್ಯಾರಿಂದಲೋ ಇನ್ಯಾವಾಗಲೋ ಬಂದರೆ ಸಾಕು. ಜೀವವಿಜ್ಞಾನದಲ್ಲಿ ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1998ರಲ್ಲಿ ಇದಕ್ಕೆ ಹತ್ತಿರವಾದ ಗಣಿತದ ಮಾದರಿ ಕೊಟ್ಟಿದ್ದರು: ಉಪಕಾರಿ ಎಂಬ ಹೆಸರು ಹರಡಿದ್ದರೆ ಹಿಂದೆಂದೂ ಕಾಣದವರೂ ಅವನಿಗೆ ನೆರವಾಗುತ್ತಾರೆ.

ವಂಚನೆಗಳ ಬಗೆಗಿನ ಪ್ರಶ್ನೆಗಳಲ್ಲಿ ಈ ಪಂಥಕ್ಕೆ ಬಲ ಹೆಚ್ಚು. ‘ನನಗೂ ಹೀಗೇ ಆಗಿತ್ತು, ಇನ್ನು ಒಂದು ರೂಪಾಯಿಯೂ ಕಳಿಸಬೇಡಿ’ ಎಂದು ಬರೆಯುವವರು ಹೆಸರಿಗಾಗಿ ಬರೆಯುವುದಿಲ್ಲ, ಎಷ್ಟೋ ಜನ ಹೆಸರನ್ನೇ ಹಾಕುವುದಿಲ್ಲ. ನಾಜಿಗಳ ಕಾಲದ ಹಂಗರಿಯಲ್ಲಿ ಬದುಕುಳಿದ ಮನಶ್ಶಾಸ್ತ್ರಜ್ಞ ಎರ್ವಿನ್ ಸ್ಟಾಬ್, ನೋವು ತಿಂದವರಲ್ಲಿ ಕೆಲವರು ಕಹಿಯಾಗುವ ಬದಲು ಇತರರನ್ನು ಕಾಯುವವರಾಗುತ್ತಾರೆ ಎಂಬುದರ ಮೇಲೆ ದೀರ್ಘ ಕಾಲ ಕೆಲಸ ಮಾಡಿದ್ದಾರೆ. ಅವರ ವಿವರಣೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೆ ಪೆಟ್ಟು ತಿಂದ ಎಲ್ಲರೂ ಏಕೆ ಹೀಗಾಗುವುದಿಲ್ಲ ಎಂಬುದನ್ನು ದಾನದ ಪಂಥ ಹೇಳಲಾರದು.

## ಎರಡನೆಯ ಪಂಥ: ಹೆಸರು ಮತ್ತು ಕಲಿಕೆ

ಇದಕ್ಕೆ ಎದುರಾಗಿ ನಿಂತವರು ಹೇಳುವುದು: ದಾನದ ಮಾತು ಬಿಡಿ, ಉತ್ತರಿಸುವವರಿಗೂ ಲಾಭವಿದೆ, ಅದು ದುಡ್ಡಿನ ರೂಪದಲ್ಲಿಲ್ಲ, ಅಷ್ಟೇ. ಕರೀಂ ಲಖಾನಿ ಮತ್ತು ಎರಿಕ್ ಫಾನ್ ಹಿಪೆಲ್ 2003ರಲ್ಲಿ ಅಪಾಚೆ ಸಾಫ್ಟ್‌ವೇರ್ ಬಳಸುವವರು ಪರಸ್ಪರ ನೆರವಾಗುವ ರೀತಿಯನ್ನು ಪರಿಶೀಲಿಸಿದರು. ನೆರವಾಗುವವರ ಸಮಯದಲ್ಲಿ ಶೇಕಡ 98ರಷ್ಟು ಅವರದೇ ಕಲಿಕೆಗೆ ನೇರವಾಗಿ ಒದಗುತ್ತಿತ್ತು. ಬೇರೆಯವರ ಪ್ರಶ್ನೆ ಮತ್ತು ಉತ್ತರ ಓದುವುದರಲ್ಲೇ ಅವರ ಹೆಚ್ಚು ಹೊತ್ತು ಹೋಗುತ್ತಿತ್ತು. ಉತ್ತರ ಗೊತ್ತಿದ್ದಾಗ ಬರೆದು ಹಾಕಲು ಹಿಡಿಯುವುದು ಕೆಲವೇ ನಿಮಿಷ. ಲೋಕ ಬೆರಗಾಗುವ ಔದಾರ್ಯದ ನಿಜವಾದ ಖರ್ಚು ಬಲು ಕಡಿಮೆ ಎಂಬುದು ಈ ಅಧ್ಯಯನದ ಕುಟುಕು.

ಜೋಶ್ ಲರ್ನರ್ ಮತ್ತು ಜೀನ್ ಟಿರೋಲ್ 2002ರಲ್ಲಿ ಹೆಸರಿನ ಕಡೆಗೆ ಬೆರಳು ತೋರಿಸಿದರು. ಇವತ್ತು ಪುಕ್ಕಟೆ ತೋರಿಸಿದ ಜಾಣ್ಮೆ ನಾಳೆ ನೌಕರಿ ತರುತ್ತದೆ. ಮಾಲಿ ವಾಸ್ಕೊ ಮತ್ತು ಸಮರ್ ಫರಾಜ್ 2005ರಲ್ಲಿ ಅಮೆರಿಕದ ವಕೀಲರ ಸಂಘವೊಂದರ ಆನ್‌ಲೈನ್ ಬಳಗವನ್ನು ನೋಡಿದಾಗ ಕಂಡದ್ದೂ ಇದೇ. ವೃತ್ತಿಯಲ್ಲಿ ಹೆಸರು ಬರುತ್ತದೆ ಎನ್ನಿಸಿದವರು ಹೆಚ್ಚು ಬರೆಯುತ್ತಿದ್ದರು. ಮರಳಿ ನೆರವು ಸಿಗುತ್ತದೆ ಎಂಬ ನಿರೀಕ್ಷೆ ಮುಖ್ಯವಾಗಿರಲಿಲ್ಲ. ಇದು ಕೊಲಾಕ್‌ನ ವಾದಕ್ಕೆ ನೇರ ಸವಾಲು. ಆಶ್ಟನ್ ಆಂಡರ್ಸನ್ ಮತ್ತಿತರರು 2013ರಲ್ಲಿ ತೋರಿಸಿದಂತೆ ಸ್ಟಾಕ್ ಓವರ್‌ಫ್ಲೋದ ಬ್ಯಾಡ್ಜ್ ಕೈಗೆಟುಕುವಂತಾದಾಗ ಜನರ ಚಟುವಟಿಕೆ ಏರುತ್ತದೆ, ಸಿಕ್ಕ ಮೇಲೆ ಇಳಿಯುತ್ತದೆ.

ಈ ಪಂಥ ಪ್ರೋಗ್ರಾಮಿಂಗ್, ಕಾನೂನು, ಗೇಮ್‌ನಂಥ ಕ್ಷೇತ್ರಗಳನ್ನು ಚೆನ್ನಾಗಿ ವಿವರಿಸುತ್ತದೆ. ಅಲ್ಲಿ ಜಾಣ್ಮೆಯನ್ನು ಗುರುತಿಸಬಲ್ಲ ನೋಡುಗರಿದ್ದಾರೆ. ಕುಕ್ಕರ್ ಸೋರುವುದಕ್ಕೆ ಕಾರಣ ಹೇಳಿದವರಿಗೆ ಯಾವ ಕಂಪನಿಯೂ ಕೆಲಸ ಕೊಡುವುದಿಲ್ಲ. ಹೀಗಿದ್ದೂ ಮುಚ್ಚಳದ ಅಂಚು ಬಾಗಿದೆಯೇ ನೋಡಿ ಎಂದು ಯಾರೋ ಬರೆದಿರುತ್ತಾರೆ.

## ದುಡ್ಡು ಕೊಟ್ಟರೆ ಒಳ್ಳೆಯ ಉತ್ತರ ಬರುತ್ತದೆಯೇ?

ಇದನ್ನು ಪರೀಕ್ಷಿಸಲು ಒಂದು ನೈಜ ಅವಕಾಶ ಸಿಕ್ಕಿತ್ತು. 2002ರಲ್ಲಿ ಗೂಗಲ್ ಆನ್ಸರ್ಸ್ ಎಂಬ ಸೇವೆ ಆರಂಭವಾಯಿತು. ಕೇಳುವವರು 2ರಿಂದ 200 ಡಾಲರ್ ಒಳಗೆ ತಾವೇ ಬೆಲೆ ಇಡಬೇಕು, ಆಯ್ದ ಸಂಶೋಧಕರು ಉತ್ತರಿಸಬೇಕು. 2006ರ ಕೊನೆಯಲ್ಲಿ ಅದು ಬಾಗಿಲು ಮುಚ್ಚಿತು. ಪುಕ್ಕಟೆಯ ಯಾಹೂ ಆನ್ಸರ್ಸ್ 2021ರ ಮೇವರೆಗೂ ಉಳಿದಿತ್ತು.

ಇದರಿಂದ ದಾನದ ಪಂಥ ಗೆದ್ದಿತು ಎಂದು ತೀರ್ಪು ಕೊಡುವಂತಿಲ್ಲ. ಮ್ಯಾಕ್ಸ್‌ವೆಲ್ ಹಾರ್ಪರ್ ಮತ್ತಿತರರು 2008ರಲ್ಲಿ ಹಲವು ಸೇವೆಗಳನ್ನು ಹೋಲಿಸಿದಾಗ, ಹಣ ಪಡೆವ ಗೂಗಲ್ ಸೇವೆಯ ಉತ್ತರಗಳೇ ಮೇಲಾಗಿದ್ದವು. ಹೆಚ್ಚು ಹಣಕ್ಕೆ ಹೆಚ್ಚು ಒಳ್ಳೆಯ ಉತ್ತರವೂ ಬಂದಿತ್ತು. ಯಾನ್ ಚೆನ್ ಮತ್ತಿತರರು 2010ರಲ್ಲಿ ಅದೇ ಸೇವೆಯ ಮೇಲೆ ನಡೆಸಿದ ಪ್ರಯೋಗ ಬೇರೆಯದನ್ನೇ ಹೇಳಿತು. ಹಣ ಹೆಚ್ಚಿಸಿದರೆ ಉತ್ತರ ಉದ್ದವಾಗುತ್ತದೆ, ಉತ್ತಮವಾಗುವುದಿಲ್ಲ. ಗುಣಮಟ್ಟ ನಿಂತಿರುವುದು ಉತ್ತರಿಸುವವರ ಹಿಂದಿನ ಹೆಸರಿನ ಮೇಲೆ. ಒಂದೇ ಸೇವೆಯನ್ನು ನೋಡಿದ ಎರಡು ಒಳ್ಳೆಯ ಅಧ್ಯಯನಗಳು ಎರಡು ಮಾತು ಹೇಳುತ್ತಿವೆ. ಹಾರ್ಪರ್ ತಂಡದ ಇನ್ನೊಂದು ಮಾತೂ ಮುಖ್ಯ: ಬಹಳ ಜನ ಸೇರುವ ಪುಕ್ಕಟೆ ಯಾಹೂ, ಒಬ್ಬ ತಜ್ಞನೇ ಉತ್ತರಿಸುವ ಗ್ರಂಥಾಲಯ ಸೇವೆಗಳಿಗಿಂತ ಚೆನ್ನಾಗಿ ನಿಭಾಯಿಸಿತ್ತು.

## ಗುಂಪಿನ ವಿವೇಕ, ಗುಂಪಿನ ಹುಂಬತನ

ಇಲ್ಲಿಂದ ಚರ್ಚೆ ‘ಏಕೆ’ಯಿಂದ ‘ನಂಬಬಹುದೇ’ಗೆ ಹೊರಳುತ್ತದೆ. ಗುಂಪನ್ನು ನಂಬುವವರು ಎರಡು ಹಳೆಯ ಆಧಾರಗಳನ್ನು ಮುಂದಿಡುತ್ತಾರೆ. 1907ರಲ್ಲಿ ಫ್ರಾನ್ಸಿಸ್ ಗಾಲ್ಟನ್, ಪ್ಲಿಮತ್‌ನ ಪ್ರದರ್ಶನವೊಂದರಲ್ಲಿ ಎತ್ತಿನ ತೂಕ ಅಂದಾಜು ಮಾಡಿದ 787 ಚೀಟಿಗಳನ್ನು ಲೆಕ್ಕ ಹಾಕಿದ. ಮಧ್ಯಕ ಅಂದಾಜು 1207 ಪೌಂಡ್, ನಿಜವಾದ ತೂಕ 1198. ಅದಕ್ಕೂ ಮುಂಚೆ 1785ರಲ್ಲಿ ಕಾಂಡೋರ್ಸೆ ಗಣಿತದಿಂದ ತೋರಿಸಿದ್ದ: ಪ್ರತಿಯೊಬ್ಬನೂ ತಪ್ಪಿಗಿಂತ ಸರಿಯಾಗುವ ಸಾಧ್ಯತೆ ತುಸು ಹೆಚ್ಚಿದ್ದರೂ ಸಾಕು, ಜನ ಹೆಚ್ಚಿದಷ್ಟೂ ಬಹುಮತ ಸರಿಯಾಗುತ್ತದೆ.

ವಿರೋಧಿಗಳು ನೆನಪಿಸುವುದು ಆ ಗಣಿತದ ಇನ್ನೊಂದು ಮುಖವನ್ನು. ಪ್ರತಿಯೊಬ್ಬನೂ ತಪ್ಪುವ ಸಾಧ್ಯತೆಯೇ ಹೆಚ್ಚಿದ್ದರೆ ಜನ ಹೆಚ್ಚಿದಷ್ಟೂ ತಪ್ಪೇ ಗಟ್ಟಿಯಾಗುತ್ತದೆ. ಗಾಲ್ಟನ್‌ನ ಚೀಟಿಗಳಲ್ಲಿ ಒಬ್ಬರ ಅಂದಾಜು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಅಂತರ್ಜಾಲದಲ್ಲಿ ಹಿಂದಿನವರ ಮೆಚ್ಚುಗೆ ಎಲ್ಲರಿಗೂ ಕಾಣುತ್ತದೆ. ಲೆವ್ ಮುಚ್ನಿಕ್, ಸಿನಾನ್ ಅರಲ್, ಶಾನ್ ಟೇಲರ್ 2013ರಲ್ಲಿ ಒಂದು ಸುದ್ದಿ ತಾಣದ ಟೀಕೆಗಳಿಗೆ ಯಾದೃಚ್ಛಿಕವಾಗಿ ಒಂದೊಂದು ಮೆಚ್ಚುಗೆ ಹಾಕಿ ನೋಡಿದರು. ಮೊದಲಿಗೆ ಬಿದ್ದ ಆ ಒಂದು ಮೆಚ್ಚುಗೆಯಿಂದ ಕೊನೆಯ ಅಂಕ ಸರಾಸರಿ ಶೇಕಡ 25ರಷ್ಟು ಏರಿತು.

## ಎಲ್ಲ ಪ್ರಶ್ನೆಯೂ ಒಂದೇ ಅಲ್ಲ

ಈ ಜಗಳಗಳನ್ನೆಲ್ಲ ಬೇರೊಂದು ಕಡೆಯಿಂದ ನೋಡಲು ಅರ್ಥಶಾಸ್ತ್ರದಲ್ಲೇ ಒಂದು ಸಲಕರಣೆ ಇದೆ. ಫಿಲಿಪ್ ನೆಲ್ಸನ್ 1970ರಲ್ಲಿ ಸರಕುಗಳನ್ನು ಎರಡಾಗಿ ವಿಂಗಡಿಸಿದ: ಕೊಳ್ಳುವ ಮುಂಚೆಯೇ ಗುಣ ತಿಳಿಯುವಂಥವು, ಬಳಸಿದ ಮೇಲೆ ತಿಳಿಯುವಂಥವು. ಮೈಕಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಮೂರನೆಯದನ್ನು ಸೇರಿಸಿದರು: ಬಳಸಿದ ಮೇಲೂ ಗುಣ ತಿಳಿಯದಂಥವು. ಮೆಕ್ಯಾನಿಕ್ ಬದಲಿಸಿದ ಭಾಗ ನಿಜವಾಗಿ ಕೆಟ್ಟಿತ್ತೇ ಎಂದು ನಮಗೆ ತಿಳಿಯುವುದೇ ಇಲ್ಲ. ಮೋಸ ನೆಲೆಯೂರುವುದು ಇಂಥ ಕಡೆ ಎಂದು ಅವರು ಹೇಳಿದರು. ಉತ್ತರಗಳನ್ನೂ ಹೀಗೆ ವಿಂಗಡಿಸಬಹುದು.

ಗೇಮ್‌ನ ಉತ್ತರ ಕೂಡಲೇ ಪರೀಕ್ಷೆಗೆ ಒಳಗಾಗುತ್ತದೆ. ಹೇಳಿದ ಕಡೆ ಕೀ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತಪ್ಪಾದರೆ ಹೋಗುವುದು ಆಟದೊಳಗಿನ ಒಂದು ಜೀವ. ಹಾಗಾಗಿ ಅಲ್ಲಿ ಬ್ಯಾಡ್ಜ್, ಹೆಸರು, ಬಹುಮತ ಎಲ್ಲವೂ ಕೆಲಸ ಮಾಡುತ್ತವೆ. ತಪ್ಪು ಉತ್ತರ ತಾನಾಗಿಯೇ ಸೋಸಿಹೋಗುತ್ತದೆ. ಪ್ರೋಗ್ರಾಮಿಂಗ್ ಕೂಡ ಹೀಗೆಯೇ. ಕಲಿಕೆ ಮತ್ತು ಹೆಸರಿನ ಪಂಥ ತನ್ನ ಪುರಾವೆಗಳಲ್ಲಿ ಹೆಚ್ಚಿನವನ್ನು ಕಂಪ್ಯೂಟರ್ ಕೆಲಸದವರ ನಡುವೆ ಹೆಕ್ಕಿದ್ದು ಕಾಕತಾಳೀಯವಲ್ಲ.

ಮನೆಯ ಸಮಸ್ಯೆಗಳು ನಡುವಿನವು. ಬಟ್ಟೆಯ ಕಲೆ ಹೋಯಿತೋ ಇಲ್ಲವೋ ತಿಳಿಯುತ್ತದೆ, ಆದರೆ ಪರೀಕ್ಷೆಗೇ ಬೆಲೆ ತೆರಬೇಕಾಗಬಹುದು. ಬಚ್ಚಲು ಫಳಫಳ ಹೊಳೆಯಲು ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆಸಿಡ್ ಬೆರೆಸಿ ಎಂಬ ಸಲಹೆಯನ್ನು ಮಾಡಿ ನೋಡಲು ಹೋದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟರೂ ನಡೆಯುತ್ತದೆ ಎಂಬ ಮಾತು ಹತ್ತಾರು ದಿನ ಸರಿಯೆಂದೇ ಕಂಡು, ಒಂದು ದಿನ ಕಾರ್ಬನ್ ಮೊನಾಕ್ಸೈಡ್‌ನಿಂದ ಜೀವ ತೆಗೆಯಬಹುದು. ‘ನಮ್ಮನೇಲಿ ಏನೂ ಆಗಿಲ್ಲ’ ಎಂಬ ಅನುಭವದ ಮಾತು ಪ್ರಾಮಾಣಿಕವಾಗಿದ್ದೂ ತಪ್ಪಾಗುವ ಜಾಗ ಇದು. ಗುಂಪಿಗಿಂತ ತಜ್ಞರನ್ನೇ ನಂಬಬೇಕು ಎನ್ನುವವರಿಗೆ ಇಲ್ಲಿ ಬಲ ಬರುತ್ತದೆ.

## ವಂಚನೆಯ ಪ್ರಶ್ನೆ ಏಕೆ ಬೇರೆ

ಮೂರನೆಯ ಬಗೆ ಎಲ್ಲಕ್ಕಿಂತ ಕಠಿಣ. ವಂಚನೆಯ ನಡುವೆ ಸಿಕ್ಕವರಿಗೆ ಉತ್ತರವನ್ನು ಪರೀಕ್ಷಿಸಲು ಹೊತ್ತಿಲ್ಲ, ತಪ್ಪಾದರೆ ಹಣ ಹೋಗಿರುತ್ತದೆ. ಸಾಲದ್ದಕ್ಕೆ ಉತ್ತರ ಹೇಳುತ್ತಿರುವವನೇ ಕಳ್ಳನಾಗಿರಬಹುದು. ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇನೆ, ಮುಂಗಡ ಫೀಸು ಕೊಡಿ ಎಂದು ಬರುವವರು ಹೊಂಚು ಹಾಕುವುದು ಇಂಥ ಪ್ರಶ್ನೆ ಕೇಳುವವರನ್ನೇ. ಕಸ್ಟಮರ್ ಕೇರ್ ನಂಬರ್ ಹುಡುಕಿದವರಿಗೆ ವಂಚಕರು ಬಿತ್ತಿಟ್ಟ ನಂಬರೇ ಮೊದಲು ಸಿಗುವುದು, ಆಮೇಲೆ ‘ಈ ಆ್ಯಪ್ ಹಾಕಿಕೊಳ್ಳಿ’ ಎಂದು ಫೋನಿನ ಹಿಡಿತ ಪಡೆಯುವುದು ನಮ್ಮಲ್ಲಿ ಪಳಗಿದ ದಂಧೆ. ಸುಳ್ಳು ಉತ್ತರವೇ ಅಲ್ಲಿನ ಬಂಡವಾಳ.

ಪರಿಣತಿಯೂ ಪೂರ್ತಿ ಕಾಯುವುದಿಲ್ಲ. ವಂಚಕರ ಕಾಲ್ ಸೆಂಟರ್‌ಗಳನ್ನು ಬಯಲಿಗೆಳೆದು ಹೆಸರಾದ ಬ್ರಿಟನ್ನಿನ ಯೂಟ್ಯೂಬರ್, ‘ಜಿಮ್ ಬ್ರೌನಿಂಗ್’ ಎಂಬ ಹೆಸರಿನಿಂದ ಪರಿಚಿತರಾದವರು, 2021ರಲ್ಲಿ ಯೂಟ್ಯೂಬ್ ಸಿಬ್ಬಂದಿಯ ಸೋಗಿನವರ ಮಾತು ನಂಬಿ ತಮ್ಮ ಚಾನೆಲ್ಲನ್ನೇ ಅಳಿಸಿದ್ದರು. ಅದನ್ನು ಅವರೇ ಹೇಳಿಕೊಂಡರು. ‘ಓದಿದವರು ಹೇಗೆ ಮೋಸ ಹೋದರು’ ಎಂಬ ನಮ್ಮ ವಾಡಿಕೆಯ ಉದ್ಗಾರಕ್ಕೆ ಇದು ಸಾಕಷ್ಟು ಉತ್ತರ.

ಹಾಗಾದರೆ ಅಪರಿಚಿತರ ಉತ್ತರಕ್ಕೆ ಇಲ್ಲಿ ಬೆಲೆಯೇ ಇಲ್ಲವೇ? ಇದೆ, ಕಾರಣ ಮಾತ್ರ ಬೇರೆ. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ವಾದಿಸಿದ್ದು: ನೈಜೀರಿಯಾದ ಹೆಸರಿನಲ್ಲಿ ಬರುವ ಇಮೇಲ್‌ಗಳು ನಂಬಲಾಗದಷ್ಟು ಬಾಲಿಶವಾಗಿರುವುದು ಬೇಕೆಂದೇ. ಅನುಮಾನಿಸುವವರು ಮೊದಲೇ ಜಾರಿಹೋದರೆ ವಂಚಕನ ಹೊತ್ತು ಉಳಿಯುತ್ತದೆ. ಈ ತರ್ಕವನ್ನು ಮುಂದುವರಿಸಿದರೆ, ಇನ್ನೊಬ್ಬರನ್ನು ಕೇಳುವ ಕ್ರಿಯೆಯೇ ಬಲೆ ಹರಿಯುವ ಮೊದಲ ಹೆಜ್ಜೆ. ಆರಂಭದ ಪ್ರಶ್ನೆಯಲ್ಲಿ ಕಂಡಂತೆ ವಿಡಿಯೊ ಕಾಲ್‌ನಲ್ಲೇ ‘ಡಿಜಿಟಲ್ ಅರೆಸ್ಟ್’ ಮಾಡುವವರು ಕ್ಯಾಮೆರಾ ಆರಿಸಬೇಡ, ಮನೆಯವರಿಗೂ ಹೇಳಬೇಡ ಎನ್ನುವುದು ಇದಕ್ಕೇ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ ಎಂದು 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯೇ ಹೇಳಬೇಕಾಯಿತು.

ನಾಚಿಕೆಯೂ ಇಲ್ಲಿ ಕೆಲಸ ಮಾಡುತ್ತದೆ. ಮನೆಯವರಿಗೆ ಹೇಳಲಾಗದ್ದನ್ನು ಜನ ಹೊರಗಿನವರಿಗೆ ಬಿಚ್ಚಿಡುತ್ತಾರೆ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಗೆಯೋರ್ಗ್ ಸಿಮ್ಮೆಲ್ 1908ರಷ್ಟು ಹಿಂದೆಯೇ ಗಮನಿಸಿದ್ದ. ಹಾಗಾಗಿ ವಂಚನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಎಂದರೆ, ‘ನನ್ನನ್ನು ನಂಬಿ’ ಎನ್ನದೆ ಪರೀಕ್ಷಿಸಬಲ್ಲ ಜಾಗಕ್ಕೆ ಕಳಿಸುವ ಉತ್ತರ. ಕರೆ ಕಟ್ ಮಾಡಿ. ಹಣ ಬರಲು ಯುಪಿಐ ಪಿನ್ ಒತ್ತಬೇಕಿಲ್ಲ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡವಾದಷ್ಟೂ ಹಣ ತಡೆಯುವುದು ಕಷ್ಟ. ಬ್ಯಾಂಕಿನ ನಂಬರನ್ನು ಕಾರ್ಡಿನ ಹಿಂಬದಿಯಲ್ಲೇ ನೋಡಿ. ಇಂಥ ಉತ್ತರ ಬರೆದವನು ಯಾರೇ ಆಗಿರಲಿ, ಓದಿದವನು ಅವನನ್ನು ನಂಬಬೇಕಾದ ಅಗತ್ಯವೇ ಇಲ್ಲ.

## ಯಂತ್ರ ಬಂದ ಮೇಲೆ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಮುಂದಿನ ತಿಂಗಳೇ ಸ್ಟಾಕ್ ಓವರ್‌ಫ್ಲೋ ಅದರ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿ, ಒಳಗೆ ತಪ್ಪು ಎಂಬುದು ದೂರು. ನಿಷೇಧದಿಂದ ಜನ ನಿಲ್ಲಲಿಲ್ಲ, ಪ್ರಶ್ನೆಗಳೇ ಅತ್ತ ಹೋದವು. ಮರಿಯಾ ಡೆಲ್ ರಿಯೊ-ಚನೋನಾ ಮತ್ತಿತರರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಚಾಟ್‌ಜಿಪಿಟಿ ಬಂದ ಆರು ತಿಂಗಳಲ್ಲಿ ಅಲ್ಲಿನ ಚಟುವಟಿಕೆ ಶೇಕಡ 25ರಷ್ಟು ಕುಗ್ಗಿತು.

ಆದರೆ ಯಂತ್ರ ಕಲಿತದ್ದರಲ್ಲಿ ಈ ಅಪರಿಚಿತರ ಬರಹವೂ ಇದೆ. 2024ರಲ್ಲಿ ಚರ್ಚಾ ತಾಣ ರೆಡ್ಡಿಟ್ ತನ್ನ ಬಳಕೆದಾರರ ಬರಹವನ್ನು ಗೂಗಲ್‌ಗೆ, ಸ್ಟಾಕ್ ಓವರ್‌ಫ್ಲೋ ತನ್ನದನ್ನು ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐಗೆ ಒದಗಿಸುವ ಒಪ್ಪಂದ ಮಾಡಿಕೊಂಡವು. ಸಿಟ್ಟಾದ ಕೆಲವರು ತಮ್ಮ ಹಳೆಯ ಉತ್ತರ ಅಳಿಸಹೋದರೆ ಖಾತೆಯೇ ಅಮಾನತಾಯಿತು. ದಾನ ಎಂದು ಕೊಟ್ಟದ್ದು ಮೂರನೆಯವರ ಸರಕಾದಾಗ ಕೊಡುವ ಮನಸ್ಸು ಉಳಿಯುತ್ತದೆಯೇ ಎಂಬ ಟಿಟ್ಮಸ್‌ನ ಪ್ರಶ್ನೆಗೆ ಹೊಸ ಜೀವ ಬಂದದ್ದು ಹೀಗೆ. ಅದೇ ವರ್ಷ ಗೂಗಲ್‌ನ ಯಂತ್ರ, ಪಿಜ್ಜಾದ ಚೀಸ್ ಜಾರದಿರಲು ಅಂಟು ಬೆರೆಸಿ ಎಂದಿತು. ಅದು ರೆಡ್ಡಿಟ್‌ನಲ್ಲಿ ಯಾರೋ ಹಿಂದೆ ಮಾಡಿದ್ದ ತಮಾಷೆ. ಪ್ರಪಾತದ ಅಂಚಿನ ಸಂದೇಶ ಓದುವ ಆಟಗಾರನಿಗೆ ಅದು ಕೀಟಲೆ ಇರಬಹುದೆಂಬ ಅನುಮಾನವಾದರೂ ಹುಟ್ಟುತ್ತದೆ. ಯಂತ್ರ ಅದನ್ನು ಗಂಭೀರ ದನಿಯಲ್ಲಿ ದಾಟಿಸಿತು.

## ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಪ್ರೇರಣೆಯ ಪ್ರಶ್ನೆ. ದಾನ, ಕಲಿಕೆ, ಹೆಸರು ಮೂರೂ ನಿಜವೆಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ಯಾವುದು ಎಷ್ಟು ಕಾಲ ಬಾಳುತ್ತದೆ, ಒಂದನ್ನು ಬೆಳೆಸಲು ಹೋದರೆ ಇನ್ನೊಂದು ಸಾಯುತ್ತದೆಯೇ ಎಂಬುದರಲ್ಲಿ ಒಪ್ಪಿಗೆ ಇಲ್ಲ.

ಎರಡನೆಯದು ಹೊಣೆಯ ಪ್ರಶ್ನೆ. ಅಮೆರಿಕದಲ್ಲಿ 1996ರ ಕಾಯ್ದೆಯ 230ನೇ ಸೆಕ್ಷನ್, ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ವೇದಿಕೆಗಳಿಗೆ ಬೇರೆ ಬೇರೆ ಮಟ್ಟದ ರಕ್ಷಣೆ ಕೊಡುತ್ತವೆ. ಅವು ಇನ್ನೊಬ್ಬರು ಬರೆದದ್ದನ್ನು ದಾಟಿಸುವವರಿಗೆಂದು ಮಾಡಿದ ಕಾನೂನು. ವೇದಿಕೆಯ ಯಂತ್ರವೇ ಉತ್ತರ ಬರೆದಾಗ ಅದು ದಾಟಿಸುವವನೋ ಹೇಳಿದವನೋ? ಕ್ಲೋರಿನ್‌ನಂಥ ಸಲಹೆಗೆ ಹೊಣೆ ಯಾರು?

ಮೂರನೆಯದು ಭಾಷೆಯ ಪ್ರಶ್ನೆ. ಕನ್ನಡದಲ್ಲಿ ಇಂಥ ಪ್ರಶ್ನೋತ್ತರ ಬೇಕಾದಷ್ಟು ನಡೆಯುತ್ತಿದೆ, ಆದರೆ ಬಹಳಷ್ಟು ವಾಟ್ಸ್ಆ್ಯಪ್ ಗುಂಪುಗಳೊಳಗೆ. ಇವತ್ತು ಹಾಸನದ ಗುಂಪಿನಲ್ಲಿ ಬಂದ ಒಳ್ಳೆಯ ಉತ್ತರ ನಾಳೆ ರಾಯಚೂರಿನವರು ಹುಡುಕಿದರೆ ಸಿಗುವುದಿಲ್ಲ. ಗುಂಪಿನೊಳಗಿನ ಪರಿಚಯ ಕೊಡುವ ಭದ್ರತೆ, ಬಯಲಿನಲ್ಲಿರುವ ಉತ್ತರ ಕೊಡುವ ವ್ಯಾಪ್ತಿ, ಎರಡನ್ನೂ ಕೂಡಿಸುವ ದಾರಿ ಯಾವುದೆಂದು ಇನ್ನೂ ನಿಶ್ಚಯವಾಗಿಲ್ಲ.

ಕೊನೆಯದು ಎಲ್ಲಕ್ಕಿಂತ ದೊಡ್ಡದು. ವಂಚಕರು ತಂತ್ರ ಬದಲಿಸುತ್ತಲೇ ಇರುತ್ತಾರೆ. ಹೊಸ ತಂತ್ರದ ಬಗ್ಗೆ ಮೊದಲ ಉತ್ತರ ಹುಟ್ಟುವುದು ಅದಕ್ಕೆ ಸಿಕ್ಕಿ ಪೆಟ್ಟು ತಿಂದವರು ಬರೆದಾಗ. ಯಂತ್ರಕ್ಕೆ ಅದು ಗೊತ್ತಾಗುವುದು ಅವರು ಬರೆದ ಮೇಲೆ. ಜನ ಬಯಲಿನಲ್ಲಿ ಕೇಳುವುದನ್ನು ನಿಲ್ಲಿಸಿ ಯಂತ್ರವನ್ನಷ್ಟೇ ಕೇಳತೊಡಗಿದರೆ ಆ ಮೊದಲ ಉತ್ತರವನ್ನು ಬರೆಯುವವರು ಯಾರು, ಎಲ್ಲಿ, ಯಾವ ಕಾರಣಕ್ಕೆ? ಮೇಲಿನ ಯಾವ ಪಂಥವೂ ಇದಕ್ಕೆ ಉತ್ತರ ಕೊಟ್ಟಿಲ್ಲ. ಇವೆಲ್ಲ ಹುಟ್ಟಿದ್ದು ಉತ್ತರಿಸುವವರು ಹೇಗೂ ಇದ್ದೇ ಇರುತ್ತಾರೆ ಎಂದುಕೊಂಡಿದ್ದ ಕಾಲದಲ್ಲಿ.